ಆರ್.ಕೆ. ಲಕ್ಷ್ಮಣ್ ಅವರಿಗೆ ಬಂದ 'ಆಗಲ್ಲ' ಅನ್ನುವ ಕಾಗದ

ಯಾದವಗಿರಿಯವನು

ಮೊನ್ನೆ ನಮ್ಮ ಅಕ್ಕನ ಮಗನಿಗೆ ಒಂದು ಕಲಾ ಕಾಲೇಜಿನಿಂದ ಮೇಲ್ ಬಂತು. ಸೀಟು ಸಿಗಲಿಲ್ಲ. ಕಾರಣ ಬರೆದಿರಲಿಲ್ಲ, ಎರಡೇ ಸಾಲು. ಹುಡುಗ ಏನೂ ಮಾತಾಡದೆ ತನ್ನ ಚಿತ್ರಗಳ ಫೈಲು ಎತ್ತಿಕೊಂಡು ಹೋಗಿ ಬೀರು ಮೇಲೆ ಇಟ್ಟುಬಿಟ್ಟ, ಕೈಗೆ ಸುಲಭವಾಗಿ ಸಿಗದ ಹಾಗೆ. ರಾತ್ರಿ ಊಟಕ್ಕೆ ಕೂತಾಗ ನಾನು ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ಕಥೆ ತೆಗೆದೆ. ಅರ್ಧದಲ್ಲೇ ಕೇಳಿದ, "ಮಾಮ, ಅವರು ಯಾರು?" ಅಂತ. ಮೈಸೂರಿನ ಹುಡುಗ, ಹದಿನೆಂಟು ವರ್ಷ, ದಿನಾ ಚಿತ್ರ ಬರೆಯುತ್ತಾನೆ, ಲಕ್ಷ್ಮಣ್ ಗೊತ್ತಿಲ್ಲ. ತಪ್ಪು ಅವನದ್ದಲ್ಲ. ನಾವು ಹೇಳಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಗೊತ್ತಿರುವವರು ಸೇರಿಸಿ.

ಲಕ್ಷ್ಮಣ್ ಹುಟ್ಟಿದ್ದು 1921ರ ಅಕ್ಟೋಬರ್ 24, ನಮ್ಮ ಮೈಸೂರಿನಲ್ಲೇ. ಮನೆಯಲ್ಲಿ ಆರು ಗಂಡುಮಕ್ಕಳು, ಇವರೇ ಕೊನೆ. ತಂದೆ ಹೆಡ್‌ಮಾಸ್ಟರ್. ಅಕ್ಷರ ಓದಲು ಬರುವ ಮೊದಲೇ ಮನೆಗೆ ಬರುತ್ತಿದ್ದ ಪಂಚ್, ಸ್ಟ್ರಾಂಡ್ ಥರದ ಇಂಗ್ಲಿಷ್ ಪತ್ರಿಕೆಗಳ ಚಿತ್ರ ನೋಡುತ್ತಾ ಕೂರುತ್ತಿದ್ದರಂತೆ. ಆಮೇಲೆ ನೆಲ, ಗೋಡೆ, ಬಾಗಿಲು, ಎಲ್ಲಾ ಕಡೆ ಗೀಚಾಟ. ಸ್ಕೂಲಲ್ಲಿ ಒಂದು ದಿನ ಅರಳಿ ಎಲೆ ಬರೆದಿದ್ದಕ್ಕೆ ಮೇಷ್ಟ್ರು ಮೆಚ್ಚಿಕೊಂಡರು. ಅವತ್ತಿಂದ ಈ ಹುಡುಗನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು, ನಾನು ಚಿತ್ರಗಾರನೇ ಅಂತ. ಅರಳಿ ಎಲೆ ಒಂದು ಸಲ ಕೈಯಲ್ಲಿ ಹಿಡಿದು ಬರೆದು ನೋಡಿ. ಹೃದಯದ ಆಕಾರ ಯಾರಾದರೂ ಬರೆಯಬಹುದು. ಆ ಉದ್ದ ಬಾಲ ಇದೆಯಲ್ಲ, ಅದು ಎಲ್ಲಿ ಸಣ್ಣದಾಗಬೇಕು, ಎಲ್ಲಿ ಬಾಗಬೇಕು ಅನ್ನುವುದು ಕಣ್ಣಿಟ್ಟು ನೋಡಿದವರಿಗೆ ಮಾತ್ರ ಬರುತ್ತದೆ.

ಲಕ್ಷ್ಮಣ್ ಇನ್ನೂ ಹುಡುಗನಾಗಿರುವಾಗಲೇ ತಂದೆಗೆ ಲಕ್ವ ಹೊಡೆದು, ಸ್ವಲ್ಪ ಕಾಲದಲ್ಲೇ ತೀರಿಕೊಂಡರು. ಸಂಸಾರದ ಭಾರ ಅಣ್ಣಂದಿರ ಮೇಲೆ ಬಿತ್ತು. ಹೈಸ್ಕೂಲು ಮುಗಿಸಿ ಬೊಂಬಾಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರು, ಚಿತ್ರಗಳನ್ನೂ ಕಳಿಸಿದರು. ಅಲ್ಲಿನ ಡೀನ್ ಉತ್ತರ ಬರೆದರು. ನಮ್ಮ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿ ಸೇರಲು ಬೇಕಾದ ಪ್ರತಿಭೆ ನಿಮ್ಮ ಚಿತ್ರಗಳಲ್ಲಿ ಇಲ್ಲ ಅನ್ನುವುದು ಅದರ ಸಾರ. ಸೀಟು ಭರ್ತಿಯಾಗಿದೆ ಅಂತಲ್ಲ, ಮುಂದಿನ ವರ್ಷ ನೋಡಿ ಅಂತಲೂ ಅಲ್ಲ. ಪ್ರತಿಭೆ ಇಲ್ಲ ಅಂತ.

ಆಮೇಲೆ ಏನು ಮಾಡಿದರು ಅಂದರೆ, ಮಹಾರಾಜ ಕಾಲೇಜಿಗೆ ಸೇರಿ ಬಿ.ಎ. ಮಾಡಿದರು, ಜೊತೆಗೆ ಬರೆಯುತ್ತಲೇ ಇದ್ದರು. ಕಾಲೇಜಲ್ಲಿ ಇರುವಾಗಲೇ ಅಣ್ಣ ಆರ್.ಕೆ. ನಾರಾಯಣ್ ಅವರ ಕಥೆಗಳಿಗೆ ಹಿಂದೂ ಪತ್ರಿಕೆಯಲ್ಲಿ ಚಿತ್ರ, ಊರಿನ ಪತ್ರಿಕೆಗಳಿಗೆ ರಾಜಕೀಯ ವ್ಯಂಗ್ಯಚಿತ್ರ, ಕೊರವಂಜಿ ಅನ್ನುವ ಹಾಸ್ಯಪತ್ರಿಕೆಗೆ ಕನ್ನಡದ ಕಾರ್ಟೂನು. ಡಿಗ್ರಿ ಆದ ಮೇಲೆ ಕೆಲಸ ಹುಡುಕಿಕೊಂಡು ದೆಹಲಿಗೆ ಹೋದರೆ ಅಲ್ಲೂ ಒಂದು ದೊಡ್ಡ ಪತ್ರಿಕೆಯವರು ಇನ್ನೂ ಚಿಕ್ಕವನು, ಅನುಭವ ಸಾಲದು, ಮೊದಲು ಸಣ್ಣ ಊರಿನ ಪೇಪರಲ್ಲಿ ಕೆಲಸ ಮಾಡು ಅಂದರು. ಎರಡನೇ ಸಲ. ಅಲ್ಲಿಂದ ಬೊಂಬಾಯಿಗೆ ಬಂದು ಕೊನೆಗೆ ಫ್ರೀ ಪ್ರೆಸ್ ಜರ್ನಲ್‌ನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಪಕ್ಕದಲ್ಲಿ ಕೂತು ಚಿತ್ರ ಬರೆಯುತ್ತಿದ್ದ ಸಹೋದ್ಯೋಗಿ ಬಾಳ ಠಾಕ್ರೆ. ಮುಂದೆ ಟೈಮ್ಸ್ ಆಫ್ ಇಂಡಿಯಾ, ಅಲ್ಲೇ ಅರ್ಧ ಶತಮಾನ.

ನನಗೆ ಕಾಡುವುದು ಆ ಕಾಗದ ಬಂದ ದಿನ ಮತ್ತು ಮಾರನೇ ದಿನ. ಮಾರನೇ ದಿನ ಅವರು ಪೆನ್ಸಿಲ್ ಹಿಡಿದರಾ? ಹಿಡಿದೇ ಇರಬೇಕು ಅಲ್ವಾ, ಇಲ್ಲದಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲ.

ಹಳೇಪೇಪರ್

ಒಳ್ಳೇ ಕೆಲಸ ಮಾಡಿದಿರಿ. ನಾನು ಇಪ್ಪತ್ತೆಂಟು ವರ್ಷ ಒಂದು ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ಕೂತವನು, ಈಗ ನಿವೃತ್ತ. ಒಂದು ವಿಷಯ ಸೇರಿಸುತ್ತೇನೆ.

ಆ ಮನೆಗೆ ವಾಪಸ್ ಬರುವ ಕಾಗದ ಹೊಸದಲ್ಲ. ಅಣ್ಣ ನಾರಾಯಣ್ ಇವರಿಗಿಂತ ಹದಿನೈದು ವರ್ಷ ದೊಡ್ಡವರು. ಅವರ ಮೊದಲ ಕಾದಂಬರಿಯ ಹಸ್ತಪ್ರತಿಯನ್ನು ಲಂಡನ್ನಿನ ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ಬೇಡ ಅಂದರು. ಬೇಸತ್ತು, ಆಕ್ಸ್‌ಫರ್ಡ್‌ನಲ್ಲಿದ್ದ ಗೆಳೆಯನಿಗೆ ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕು ಅಂತ ಬರೆದುಬಿಟ್ಟರು. ಗೆಳೆಯ ನದಿಗೆ ಹಾಕಲಿಲ್ಲ, ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಕೊಟ್ಟ. 1935ರಲ್ಲಿ ಪುಸ್ತಕ ಬಂತು. ಆಗ ಲಕ್ಷ್ಮಣ್‌ಗೆ ಹದಿನಾಲ್ಕು ವರ್ಷ. ಅಂದರೆ ಅಂಚೆಯವನು ದಪ್ಪ ಲಕೋಟೆ ತಂದರೆ ಅದು ವಾಪಸ್ ಬಂದ ಕಥೆ ಅಂತ ಗೊತ್ತಾಗುವ ಮನೆಯಲ್ಲಿ ಈ ಹುಡುಗ ಬೆಳೆದದ್ದು. ಅಣ್ಣ ಮಾರನೇ ದಿನ ಮತ್ತೆ ಬರೆಯಲು ಕೂರುವುದನ್ನೂ ಕಣ್ಣಾರೆ ನೋಡಿರಬೇಕು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು.

ಆ ದಿನಗಳಲ್ಲಿ ನಾರಾಯಣ್ ಮದ್ರಾಸಿನ ಜಸ್ಟಿಸ್ ಅನ್ನುವ ಪತ್ರಿಕೆಗೆ ಮೈಸೂರಿನ ವರದಿಗಾರರಾಗಿಯೂ ದುಡಿದಿದ್ದರು. ಕೋರ್ಟು, ಮಾರ್ಕೆಟ್ಟು, ಪೊಲೀಸ್ ಸ್ಟೇಷನ್ನು ಸುತ್ತಿ ಸುದ್ದಿ ತರಬೇಕು. ಅಚ್ಚಾದ ಸುದ್ದಿಗೆ ಅಂಗುಲದ ಲೆಕ್ಕದಲ್ಲಿ ದುಡ್ಡು. ಅಣ್ಣನದ್ದು ಕಾಲು ಸವೆಸುವ ಪತ್ರಿಕೋದ್ಯಮ, ತಮ್ಮನದ್ದು ಕಣ್ಣು ಸವೆಸುವ ಪತ್ರಿಕೋದ್ಯಮ.

ಕಾಫಿಪುಡಿ

ಒಂದು ಸಂದೇಹ, ಬೇಜಾರು ಮಾಡಿಕೊಳ್ಳಬೇಡಿ. ಲಕ್ಷ್ಮಣ್ ದೊಡ್ಡ ಕಲಾವಿದರು, ಒಪ್ಪುತ್ತೇನೆ. ಅವರನ್ನು ಪತ್ರಕರ್ತರು ಅನ್ನಬಹುದಾ? ಸುದ್ದಿ ತರುವವರು ಬೇರೆ, ಸುದ್ದಿಗೆ ಚಿತ್ರ ಬರೆಯುವವರು ಬೇರೆ ಅಂದುಕೊಂಡಿದ್ದೆ.

ಹಳೇಪೇಪರ್

ಖಂಡಿತ ಅನ್ನಬಹುದು. 1984ರಲ್ಲಿ ಅವರಿಗೆ ಬಂದ ಮ್ಯಾಗ್ಸೆಸೆ ಪ್ರಶಸ್ತಿ ಯಾವ ವಿಭಾಗದ್ದು ನೋಡಿ: ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಶೀಲ ಸಂವಹನ. ಪ್ರಶಸ್ತಿ ಪಕ್ಕಕ್ಕಿಡಿ, ಕೆಲಸ ನೋಡಿ. ಬೆಳಿಗ್ಗೆ ಆಫೀಸಿಗೆ ಬಂದು ಪೇಪರುಗಳನ್ನೆಲ್ಲ ಓದುವುದು, ಅದರಲ್ಲಿ ಇವತ್ತು ಜನಕ್ಕೆ ತಾಗುವುದು ಯಾವುದು ಅಂತ ಆರಿಸುವುದು, ಗಂಟೆಗಟ್ಟಲೆ ತಲೆ ಕೆಡಿಸಿಕೊಂಡು ಒಂದು ಐಡಿಯಾ ಹಿಡಿಯುವುದು, ಪುಟ ಹೋಗುವುದರೊಳಗೆ ಕೊಡುವುದು. ವರದಿಗಾರನಿಗಾದರೂ ಒಂದು ದಿನ ಸುದ್ದಿ ಇಲ್ಲ ಅನ್ನಬಹುದು. ಪಾಕೆಟ್ ಕಾರ್ಟೂನಿನವರಿಗೆ ಆ ಮಾತಿಲ್ಲ. ಮೊದಲ ಪುಟದಲ್ಲಿ ಅಷ್ಟು ಜಾಗ ಕಾಯುತ್ತಾ ಇರುತ್ತದೆ.

ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಬ್ಲಾಕ್ ಮಾಡಿಸುವ ಪದ್ಧತಿ ಇನ್ನೂ ಇತ್ತು. ಕಲಾವಿದ ಕಪ್ಪು ಶಾಯಿಯಲ್ಲಿ ಬರೆದ ಚಿತ್ರದ ಫೋಟೋ ತೆಗೆದು, ಸತುವಿನ ತಗಡಿನ ಮೇಲೆ ಇಳಿಸಿ, ಆಸಿಡ್ಡಿನಲ್ಲಿ ಕೊರೆದು, ಮರದ ತುಂಡಿಗೆ ಮೊಳೆ ಹೊಡೆದು ಕೂರಿಸುತ್ತಿದ್ದರು. ಗೆರೆ ತೀರಾ ಸಣ್ಣ ಇದ್ದರೆ ಆಸಿಡ್ ತಿಂದುಬಿಡುತ್ತಿತ್ತು. ಗೆರೆಗೆ ಗೆರೆ ಒತ್ತೊತ್ತಾಗಿದ್ದರೆ ಮಧ್ಯೆ ಶಾಯಿ ತುಂಬಿ ಮಸಿ ಮೆತ್ತಿದ ಹಾಗೆ ಕಾಣುತ್ತಿತ್ತು. ಅದಕ್ಕೇ ಆ ಕಾಲದ ಒಳ್ಳೆಯ ವ್ಯಂಗ್ಯಚಿತ್ರಕಾರರ ಗೆರೆ ದಪ್ಪ, ಧೈರ್ಯದ್ದು. ಲಕ್ಷ್ಮಣ್ ಬ್ರಷ್ ಗೆರೆಯನ್ನು ಒಂದು ಸಲ ದೊಡ್ಡದು ಮಾಡಿ ನೋಡಿ. ಪಂಚೆಯ ಮಡಿಕೆಗೆ ಮೂರು ನಾಲ್ಕು ಗೆರೆ ಸಾಕು ಅವರಿಗೆ, ಆ ಗೆರೆಗಳಲ್ಲೇ ಆ ಮನುಷ್ಯ ಎಷ್ಟು ಹೊತ್ತಿಂದ ನಿಂತಿದ್ದಾನೆ ಅನ್ನುವುದೂ ಗೊತ್ತಾಗುತ್ತದೆ.

ಕಾಫಿಪುಡಿ

ಒಪ್ಪಿದೆ ಸರ್. ಮಡಿಕೆ ಗೆರೆ ವಿಷಯ ಗಮನಿಸಿರಲಿಲ್ಲ, ಈಗ ತೆಗೆದು ನೋಡಿದೆ.

ಅಜ್ಜನಟ್ರಂಕು

ಕೊರವಂಜಿ ಹೆಸರು ಬಂದಿದ್ದಕ್ಕೆ ತುಂಬಾ ಖುಷಿ. ನಮ್ಮ ಅಜ್ಜನ ಹತ್ತಿರ ಅದರ ಬೈಂಡ್ ಮಾಡಿಸಿದ ಸಂಪುಟಗಳು ಇದ್ದವು, ಈಗ ನಾಲ್ಕು ಉಳಿದಿವೆ. ಡಾ. ಎಂ. ಶಿವರಾಂ, ಎಲ್ಲರಿಗೂ ರಾಶಿ ಅಂತಲೇ ಗೊತ್ತು, 1942ರಲ್ಲಿ ಶುರು ಮಾಡಿದ ಹಾಸ್ಯ ಮಾಸಪತ್ರಿಕೆ. ಅವರು ಡಾಕ್ಟರು, ಬೆಂಗಳೂರಿನ ಮೆಜೆಸ್ಟಿಕ್ ಕಡೆ ಕ್ಲಿನಿಕ್. ರೋಗಿಗಳನ್ನು ನೋಡಿಕೊಂಡೇ ಇಪ್ಪತ್ತೈದು ವರ್ಷ, 1967ರವರೆಗೆ, ಪತ್ರಿಕೆ ನಡೆಸಿದರು. ನಾ. ಕಸ್ತೂರಿ, ಟಿ. ಸುನಂದಮ್ಮ ಅವರೆಲ್ಲ ಬರೆದದ್ದು ಅಲ್ಲೇ.

ನನಗೆ ಮುಖ್ಯ ಅನ್ನಿಸುವುದು ಇದು. ಬೊಂಬಾಯಿಯ ದೊಡ್ಡ ಶಾಲೆ ಪ್ರತಿಭೆ ಇಲ್ಲ ಅಂದ ಹುಡುಗನಿಗೆ ಬೆಂಗಳೂರಿನ ಡಾಕ್ಟರೊಬ್ಬರು ಬಾ, ಬರಿ ಅಂದರು. ಕೊರವಂಜಿ ಶ್ರೀಮಂತ ಪತ್ರಿಕೆಯಲ್ಲ. ಆದರೆ ಬರೆದದ್ದು ಅಚ್ಚಾಗಿ ನಾಲ್ಕು ಜನರ ಕೈಗೆ ಹೋಗುತ್ತದೆ, ಯಾರೋ ನಗುತ್ತಾರೆ. ಇಪ್ಪತ್ತು ದಾಟಿದ ಹುಡುಗನಿಗೆ ಅದಕ್ಕಿಂತ ಜಾಸ್ತಿ ಏನು ಬೇಕು? ಲಕ್ಷ್ಮಣ್ ಹಠದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಮಾತಾಡಲಿ. ರಾಶಿಯವರ ಹೆಸರನ್ನೂ ಅದರ ಜೊತೆಗೇ ಹೇಳಬೇಕು ಅಂತ ನನ್ನ ಆಸೆ.

ಬಾಗಿಲಾಚೆ

ಎಲ್ಲರೂ ಹೊಗಳುತ್ತಿದ್ದೀರಿ, ನಾನೂ ಅವರ ಅಭಿಮಾನಿಯೇ. ಆದರೂ ಒಂದು ಮಾತು ಹೇಳಲೇಬೇಕು. 1920ರ ದಶಕದಲ್ಲಿ ಪಂಚ್ ಪತ್ರಿಕೆ ಬರುತ್ತಿದ್ದ ಮನೆ ಮೈಸೂರಿನಲ್ಲಿ ಎಷ್ಟಿದ್ದವು? ಹೆಡ್‌ಮಾಸ್ಟರ್ ತಂದೆ, ಇಂಗ್ಲಿಷಲ್ಲಿ ಕಥೆ ಬರೆಯುವ ಅಣ್ಣ, ಹಿಂದೂ ಪತ್ರಿಕೆಯಲ್ಲಿ ಅಣ್ಣನ ಕಥೆಗೆ ಚಿತ್ರ ಬರೆಯುವ ಅವಕಾಶ. ಅದೇ ವಯಸ್ಸಿನ, ಅದೇ ಕೈಚಳಕ ಇದ್ದ ಕುಂಬಾರರ ಮನೆಯ ಹುಡುಗನೋ, ಬಡಗಿ ಮನೆಯ ಹುಡುಗಿಯೋ ಜೆ.ಜೆ. ಅನ್ನುವ ಶಾಲೆ ಇದೆ ಅಂತ ಕೇಳಿಯೂ ಇರುವುದಿಲ್ಲ. ಬೇಡ ಅಂತ ಅನ್ನಿಸಿಕೊಳ್ಳುವುದಕ್ಕೂ ಅರ್ಜಿ ಹಾಕುವಷ್ಟು ದೂರ ಬರಬೇಕು. ನಮ್ಮಪ್ಪ ಬೋರ್ಡ್ ಬರೆಯುತ್ತಿದ್ದರು, ಅಂಗಡಿ ಬೋರ್ಡು, ಲಾರಿ ಹಿಂದಿನ ಅಕ್ಷರ. ಅವರ ಕೈಯಲ್ಲಿ ಬರುತ್ತಿದ್ದ ನವಿಲನ್ನು ನೀವು ನೋಡಬೇಕಿತ್ತು. ಅವರಿಗೆ ಯಾರೂ ತಿರಸ್ಕಾರದ ಕಾಗದ ಬರೆಯಲಿಲ್ಲ, ಅವರು ಯಾರಿಗೂ ಅರ್ಜಿಯನ್ನೇ ಹಾಕಲಿಲ್ಲ.

ಯಾದವಗಿರಿಯವನು

ನೀವು ಹೇಳಿದ್ದು ಸರಿ, ಮತ್ತು ನಾನು ಇದನ್ನು ಯೋಚಿಸಿರಲಿಲ್ಲ. ಲಕ್ಷ್ಮಣ್ ಕಥೆ ಹೇಳುವಾಗ ಆ ಮನೆಯನ್ನು ಬಿಟ್ಟು ಹೇಳಬಾರದು. ಒಂದೇ ಒಂದು ವಿಷಯ: ಅಣ್ಣನ ಹೆಸರಿನಿಂದ ಜೆ.ಜೆ. ಬಾಗಿಲು ತೆರೆಯಲಿಲ್ಲ, ದೆಹಲಿಯ ಕೆಲಸವೂ ಸಿಗಲಿಲ್ಲ. ಅಣ್ಣನಿಗೇ ಆಗ ಜೀವನ ನಡೆಸುವುದು ಕಷ್ಟವಾಗಿತ್ತು. ಆದರೆ ಅರ್ಜಿ ಹಾಕುವ ಧೈರ್ಯ ಆ ಮನೆ ಕೊಟ್ಟಿತು, ಅದು ನಿಜ. ನಿಮ್ಮ ತಂದೆ ಬರೆದ ಬೋರ್ಡು ಯಾವುದಾದರೂ ಉಳಿದಿದೆಯಾ?

ಬಾಗಿಲಾಚೆ

ಒಂದು ಹಿಟ್ಟಿನ ಗಿರಣಿ ಬೋರ್ಡು ಇದೆ, ಮಂಡ್ಯ ಕಡೆ. ಬಣ್ಣ ಹೋಗಿದೆ, ಅಕ್ಷರ ಗೊತ್ತಾಗುತ್ತದೆ. ಊರಿಗೆ ಹೋದಾಗ ಫೋಟೋ ತೆಗೆದು ಹಾಕುತ್ತೇನೆ.

ನೀಲಿಶಾಯಿ

ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ, ಪುಸ್ತಕಗಳಿಗೆ ಚಿತ್ರ ಬರೆಯುವುದೇ ನನ್ನ ಹೊಟ್ಟೆಪಾಡು. ಶುರುವಿನಲ್ಲಿ ಒಂದು ಪ್ರಕಾಶನದವರು ನನ್ನ ಹದಿನಾರು ಚಿತ್ರಗಳನ್ನು ಆರು ತಿಂಗಳು ಇಟ್ಟುಕೊಂಡು ಒಂದೂ ಮಾತು ಹೇಳದೆ ವಾಪಸ್ ಕಳಿಸಿದರು. ಲಕೋಟೆ ಬಿಚ್ಚಿ ನೋಡಿದರೆ ಒಂದರ ಮೇಲೆ ಚಹಾ ಲೋಟದ ಗುರುತು. ಅವತ್ತು ಅತ್ತಿದ್ದು ಬೇಡ ಅಂದದ್ದಕ್ಕಲ್ಲ, ಆ ಲೋಟದ ಗುರುತಿಗೆ.

ಆಗ ನನಗೆ ಲಕ್ಷ್ಮಣ್ ಕಥೆಯಲ್ಲಿ ಹಿಡಿಸಿದ್ದು ಡೇವಿಡ್ ಲೋ ವಿಷಯ. ಬ್ರಿಟನ್ನಿನ ದೊಡ್ಡ ವ್ಯಂಗ್ಯಚಿತ್ರಕಾರ, ಅವರ ಚಿತ್ರಗಳು ಹಿಂದೂ ಪತ್ರಿಕೆಯಲ್ಲಿ ಬರುತ್ತಿದ್ದವು. ಹುಡುಗ ಲಕ್ಷ್ಮಣ್ ಆ ಸಹಿಯನ್ನು ಎಷ್ಟೋ ಕಾಲ 'ಕೌ' ಅಂತಲೇ ಓದುತ್ತಿದ್ದರಂತೆ, ಹಸು ಅಂತ. ಸಹಿ ಸರಿಯಾಗಿ ಓದಲು ಬರದಿದ್ದರೂ ಗೆರೆಯನ್ನು ಮಾತ್ರ ಸರಿಯಾಗಿ ಓದಿದ ಹುಡುಗ. ಮೇಷ್ಟ್ರು ಇಲ್ಲದೆ, ಶಾಲೆ ಇಲ್ಲದೆ, ಬರೀ ಅಚ್ಚಾದ ಚಿತ್ರ ನೋಡಿ ಕಲಿಯಬಹುದು ಅನ್ನುವುದಕ್ಕೆ ನನಗೆ ಅದು ಸಾಕ್ಷಿಯಾಗಿತ್ತು. ನಾನೂ ಹಾಗೇ ಕಲಿತದ್ದು, ಗ್ರಂಥಾಲಯದಲ್ಲಿ ಹಳೇ ಪತ್ರಿಕೆ ಇಟ್ಟುಕೊಂಡು ನಕಲು ಮಾಡಿ ಮಾಡಿ.

ಮತ್ತೆ ಕಾಗೆ. ಲಕ್ಷ್ಮಣ್ ಬರೆದ ಕಾಗೆಗಳನ್ನು ನೋಡಿದ್ದೀರಾ ಯಾರಾದರೂ? ಜೀವನಪೂರ್ತಿ ಕಾಗೆ ಬರೆದರು, ಕಾಗೆ ಚಿತ್ರಗಳದ್ದೇ ಪ್ರದರ್ಶನ ಮಾಡಿದರು. ಹಸಿರು ಮರದ ನಡುವೆ ಕಪ್ಪಗೆ ಎದ್ದು ಕಾಣುವ, ಸದಾ ಚುರುಕಾಗಿರುವ ಹಕ್ಕಿ ಅಂತ ಚಿಕ್ಕಂದಿನಿಂದಲೇ ಅದರ ಮೇಲೆ ಕಣ್ಣು. ಕಾಗೆ ಬರೆಯುವುದು ಸುಲಭ ಅಂತ ಅನ್ನಿಸುತ್ತದೆ, ಎಲ್ಲಾ ಕಪ್ಪು ತಾನೇ. ಬರೆದು ನೋಡಿ. ಕುತ್ತಿಗೆಯ ಬೂದಿ ಬಣ್ಣ ಎಲ್ಲಿ ಮುಗಿದು ಕಪ್ಪು ಎಲ್ಲಿ ಶುರುವಾಗುತ್ತದೆ, ತಲೆ ಓರೆ ಮಾಡಿ ನೋಡುವಾಗ ಕೊಕ್ಕು ಯಾವ ಕಡೆಗಿರುತ್ತದೆ. ಒಂದು ವಾರ ತಾರಸಿಯಲ್ಲಿ ಕೂತು ಬರೆದೆ, ಹನ್ನೆರಡನೆಯದು ಸ್ವಲ್ಪ ಕಾಗೆ ಥರ ಬಂತು.

ಯಾದವಗಿರಿ ಅಣ್ಣ, ನಿಮ್ಮ ಅಳಿಯನಿಗೆ ಕಾಗೆ ಬರೆಯಲು ಹೇಳಿ.

ದೂರದೂರಿನವ

ನಾನು ಅಮೆರಿಕದಲ್ಲಿದ್ದೇನೆ, ಹುಟ್ಟಿದ್ದು ಶಿವಮೊಗ್ಗ. ನಮಗೆ ಲಕ್ಷ್ಮಣ್ ಮೊದಲು ಪರಿಚಯ ಆಗಿದ್ದು ಟಿವಿಯಿಂದ. ಶಂಕರ್ ನಾಗ್ ಮಾಲ್ಗುಡಿ ಡೇಸ್ ಧಾರಾವಾಹಿ ಮಾಡಿದಾಗ ಅದರಲ್ಲಿ ಬರುತ್ತಿದ್ದ ರೇಖಾಚಿತ್ರಗಳು ಇವರದ್ದೇ. ಆಗುಂಬೆಯಲ್ಲಿ ಶೂಟಿಂಗ್, ನಮ್ಮ ಕಡೆಯವರಿಗೆಲ್ಲ ಅದೊಂದು ಹಬ್ಬ. ಆಮೇಲೆ ಗೊತ್ತಾಯಿತು, ಬಣ್ಣದ ಅಂಗಡಿಯಲ್ಲಿ ನೋಡುತ್ತಿದ್ದ ಏಷ್ಯನ್ ಪೇಂಟ್ಸ್ ಗಟ್ಟು, ಕೈಯಲ್ಲಿ ಬ್ರಷ್ ಹಿಡಿದ ತುಂಟ ಹುಡುಗ, ಅವನನ್ನೂ 1954ರಲ್ಲಿ ಇವರೇ ಬರೆದದ್ದು ಅಂತ.

ಒಂದು ಕೇಳಬೇಕಿತ್ತು. ತುರ್ತು ಪರಿಸ್ಥಿತಿಯ ಕಾಲದ ಕಾರ್ಟೂನ್ ಒಂದಿದೆಯಲ್ಲ, ರಾಷ್ಟ್ರಪತಿಗಳು ಸ್ನಾನದ ತೊಟ್ಟಿಯಲ್ಲಿ ಕೂತೇ ಸುಗ್ರೀವಾಜ್ಞೆಗೆ ಸಹಿ ಹಾಕುವುದು. ಅದು ಲಕ್ಷ್ಮಣ್ ಅವರದ್ದೇ ಅಲ್ವಾ?

ಹಳೇಪೇಪರ್

ಅಲ್ಲ, ಅದು ಅಬು ಅಬ್ರಹಾಂ ಅವರದ್ದು, ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಬಂದದ್ದು, 1975ರ ಡಿಸೆಂಬರ್. ತುಂಬಾ ಜನ ಹೀಗೇ ಅಂದುಕೊಂಡಿದ್ದಾರೆ. ಅಬು ಕೆಲಸ ಅಬು ಹೆಸರಲ್ಲೇ ಇರಲಿ, ಅವರೂ ಕಡಿಮೆಯವರಲ್ಲ.

ಲಕ್ಷ್ಮಣ್ ಹಠ ಬೇರೆ ಥರದ್ದು. ಫ್ರೀ ಪ್ರೆಸ್‌ನಲ್ಲಿ ಇರುವಾಗ ಕಮ್ಯುನಿಸ್ಟರ ಮೇಲೆ ಕಾರ್ಟೂನ್ ಬರೆಯಬೇಡ ಅಂತ ಮಾಲೀಕರು ಹೇಳಿದ್ದಕ್ಕೆ ಆ ಕೆಲಸವನ್ನೇ ಬಿಟ್ಟು ಎದ್ದು ಬಂದವರು. ಎಷ್ಟು ಕಷ್ಟಪಟ್ಟು ಸಿಕ್ಕ ಕೆಲಸ ಅದು ಅಂತ ಯೋಚಿಸಿ. ಎರಡೆರಡು ಕಡೆ ಬೇಡ ಅನ್ನಿಸಿಕೊಂಡು ಕೊನೆಗೆ ಸಿಕ್ಕ ಕುರ್ಚಿ. ಆ ಕುರ್ಚಿಗೆ ಅಂಟಿಕೊಳ್ಳಲಿಲ್ಲ. ಜೆ.ಜೆ. ಕಾಗದಕ್ಕಿಂತ ನನಗೆ ಇದೇ ದೊಡ್ಡದು. ಬೇಡ ಅಂತ ಅನ್ನಿಸಿಕೊಂಡವರಲ್ಲಿ ಬಹಳ ಜನ ಸಿಕ್ಕಿದ್ದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ನಾನೂ ಹಿಡಿದುಕೊಂಡಿದ್ದೆ. ಮುದ್ರಣಕ್ಕೆ ಹೋಗಬೇಕಿದ್ದ ಎರಡು ಸುದ್ದಿಗಳನ್ನು ಮೇಲಿನವರು ತೆಗೆ ಅಂದಾಗ ತೆಗೆದಿದ್ದೇನೆ. ಅದು ಇವತ್ತಿಗೂ ಮನಸ್ಸಿನಲ್ಲಿದೆ.

ಅಜ್ಜನಟ್ರಂಕು

ಸರ್, ಇದನ್ನು ಇಲ್ಲಿ ಹೇಳಿಕೊಂಡಿರಿ, ಅದೇ ದೊಡ್ಡದು.

ಶ್ರೀಸಾಮಾನ್ಯನ ಬಗ್ಗೆ ಯಾರೂ ಬರೆಯಲಿಲ್ಲವಲ್ಲ. 1951ರಲ್ಲಿ 'ಯೂ ಸೆಡ್ ಇಟ್' ಅನ್ನುವ ಪುಟ್ಟ ಕಾರ್ಟೂನು ಶುರುವಾಯಿತು. ಮೊದಮೊದಲು ಲಕ್ಷ್ಮಣ್ ದೇಶದ ಜನರನ್ನೆಲ್ಲ ತೋರಿಸಬೇಕು ಅಂತ ಬಂಗಾಳಿ, ತಮಿಳ, ಪಂಜಾಬಿ ಹೀಗೆ ಗುಂಪು ಗುಂಪಾಗಿ ಬರೆಯುತ್ತಿದ್ದರು. ದಿನಾ ಅಷ್ಟು ಜನರನ್ನು ಬರೆಯಲು ಹೊತ್ತು ಎಲ್ಲಿ? ಒಬ್ಬೊಬ್ಬರನ್ನೇ ಬಿಡುತ್ತಾ ಬಂದು ಕೊನೆಗೆ ಒಬ್ಬನೇ ಉಳಿದ. ಬೋಳು ತಲೆ, ಕನ್ನಡಕ, ಪೊದೆ ಮೀಸೆ, ಚೌಕುಳಿ ಕೋಟು, ಪಂಚೆ. ಮಾತೇ ಆಡುವುದಿಲ್ಲ. ಮಂತ್ರಿ ಮಾತಾಡುತ್ತಾನೆ, ಅಧಿಕಾರಿ ಮಾತಾಡುತ್ತಾನೆ, ಇವನ ಹೆಂಡತಿ ಮಾತಾಡುತ್ತಾಳೆ, ಇವನು ನೋಡುತ್ತಾ ನಿಂತಿರುತ್ತಾನೆ. ನಮ್ಮ ಅಜ್ಜ ಹಾಗೇ ಕಾಣುತ್ತಿದ್ದರು, ರೇಷನ್ ಕ್ಯೂನಲ್ಲಿ ಕೋಟು ಹಾಕಿಕೊಂಡು ನಿಲ್ಲುತ್ತಿದ್ದರು. 1988ರಲ್ಲಿ ಈ ಶ್ರೀಸಾಮಾನ್ಯ ಅಂಚೆ ಚೀಟಿಯ ಮೇಲೂ ಬಂದ. ಪುಣೆಯ ಸಿಂಬಯಾಸಿಸ್‌ನಲ್ಲಿ ಪ್ರತಿಮೆ ಇದೆ, ಮುಂಬೈಯ ವರ್ಲಿ ಕಡಲ ದಡದಲ್ಲೂ ಇದೆ.

ನನಗೆ ಯಾವಾಗಲೂ ಒಂದು ಅನ್ನಿಸುತ್ತದೆ. ಜೆ.ಜೆ.ಯಲ್ಲಿ ಸೀಟು ಸಿಕ್ಕಿದ್ದರೆ ಲಕ್ಷ್ಮಣ್ ಒಳ್ಳೆಯ ಪೇಂಟರ್ ಆಗುತ್ತಿದ್ದರೋ ಏನೋ. ಮಹಾರಾಜ ಕಾಲೇಜಿನ ಬಿ.ಎ., ಮೈಸೂರಿನ ಬೀದಿ, ಊರಿನ ಪತ್ರಿಕೆ, ಕೊರವಂಜಿ, ಇವೆಲ್ಲ ಸೇರಿ ಈ ಮಾತಾಡದ ಮನುಷ್ಯನನ್ನು ಮಾಡಿದವು. ಹಾಗಂತ ಆ ಕಾಗದ ಬರೆದವರು ಸರಿ ಅಂತ ನಾನು ಹೇಳುತ್ತಿಲ್ಲ. ಅವರು ತಪ್ಪು ಮಾಡಿದರು. ಎಷ್ಟೋ ವರ್ಷ ಆದ ಮೇಲೆ ಅದೇ ಜೆ.ಜೆ.ಗೆ ಲಕ್ಷ್ಮಣ್ ಅವರನ್ನು ಅತಿಥಿಯಾಗಿ ಕರೆದರು.

ಕಾಫಿಪುಡಿ

ಅವರು ತೀರಿಕೊಂಡ ದಿನ ನೆನಪಿದೆ. 2015ರ ಜನವರಿ 26. ಬೆಳಿಗ್ಗೆ ಎಲ್ಲ ಪರೇಡ್ ನೋಡಿದ್ದು, ಸಂಜೆ ಸುದ್ದಿ ಬಂತು, ಪುಣೆಯಲ್ಲಿ, ತೊಂಬತ್ತಮೂರು ವರ್ಷ. ಗಣರಾಜ್ಯದ ದಿನವೇ ಹೋದರಲ್ಲ ಅಂತ ನಮ್ಮಪ್ಪ ತುಂಬಾ ಹೊತ್ತು ಸುಮ್ನೆ ಕೂತಿದ್ದರು. 2003ರಲ್ಲಿ ಲಕ್ವ ಹೊಡೆದು ಎಡಭಾಗದ ಸ್ವಾಧೀನ ಹೋಗಿತ್ತು, ಆದರೂ ಸ್ವಲ್ಪ ಚೇತರಿಸಿಕೊಂಡ ಮೇಲೆ ಬಲಗೈಯಲ್ಲಿ ಬರೆಯುತ್ತಿದ್ದರು. ತಂದೆಗೂ ಅದೇ ಕಾಯಿಲೆ ಬಂದಿತ್ತು ಅಂತ ನಿಮ್ಮ ಮೊದಲ ಬರಹ ಓದಿದ ಮೇಲೆ ಗೊತ್ತಾಗಿ ಸಂಕಟ ಆಯಿತು.

ಬೆಂಗಳೂರಿನಲ್ಲಿ ಇರುವವರು ಎಂ.ಜಿ. ರಸ್ತೆ ಹತ್ತಿರದ ಕಾರ್ಟೂನ್ ಗ್ಯಾಲರಿಗೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಮೈಸೂರಿನವರಿಗಂತೂ ನಾರಾಯಣ್ ಅವರ ಮನೆ ಇದ್ದೇ ಇದೆ, ಈಗ ಮ್ಯೂಸಿಯಂ.

ಯಾದವಗಿರಿಯವನು

ಎಲ್ಲರಿಗೂ ನಮಸ್ಕಾರ. ಇಡೀ ಚರ್ಚೆಯನ್ನು ಅಳಿಯನಿಗೆ ಓದಲು ಕೊಟ್ಟೆ. ಜೆ.ಜೆ. ಕಥೆಗೆ ಅವನು ಅಷ್ಟೇನೂ ಹೇಳಲಿಲ್ಲ. ಬೋರ್ಡ್ ಬರೆಯುವ ಅಪ್ಪನ ಮಾತು ಎರಡು ಸಲ ಓದಿದ, ಚಹಾ ಲೋಟದ ಗುರುತಿಗೆ ಸಿಟ್ಟಾದ. ನಿನ್ನೆ ಬೆಳಿಗ್ಗೆ ನಾರಾಯಣ್ ಅವರ ಮನೆಗೆ ಕರೆದುಕೊಂಡು ಹೋಗಿದ್ದೆ. ಒಳಗೆ ಹತ್ತು ನಿಮಿಷ ಇದ್ದ. ಆಮೇಲೆ ಹೊರಗೆ ಬಂದು ಕಾಂಪೌಂಡ್ ಪಕ್ಕ ನಿಂತುಕೊಂಡು, ಎದುರಿನ ಕರೆಂಟ್ ತಂತಿ ಮೇಲೆ ಕೂತಿದ್ದ ಕಾಗೆಯನ್ನು ಮ್ಯೂಸಿಯಂ ಕರಪತ್ರದ ಹಿಂದೆ ಬರೆಯಲು ಶುರು ಮಾಡಿದ. ಮುಗಿಯುವ ಮೊದಲೇ ಅದು ಹಾರಿತು. ಇನ್ನೊಂದು ಬರುವವರೆಗೆ ಕಾಯೋಣ ಮಾಮ ಅಂದ, ಬಿಸಿಲಲ್ಲೇ ಮುಕ್ಕಾಲು ಗಂಟೆ ನಿಂತಿದ್ದೆವು.

ನೀಲಿಶಾಯಿ ಅಕ್ಕ, ಕೊಕ್ಕು ಸರಿ ಬಂದಿಲ್ಲವಂತೆ. ನಿಮ್ಮ ಹನ್ನೆರಡನೆಯ ಕಾಗೆಯ ಫೋಟೋ ಇದ್ದರೆ ಹಾಕಬೇಕಂತೆ.